ಅರ್ಥಧಾರಿ ಊರಿಗೆ ಹೊರಟಾಗ

ದೆಹಲಿಯಲ್ಲಿ ನಮ್ಮಂಥವರ ಬಿಡಾರ ಸ್ಥಿರವಲ್ಲ. ಕಚೇರಿಯವರಿಗೆ ವರ್ಗದ ಹುಕುಂ ಬರುತ್ತದೆ, ಹೋಟೆಲಿನಲ್ಲಿ ದುಡಿಯುವವರಿಗೆ ಊರಿನಿಂದ ಕರೆ ಬರುತ್ತದೆ, ಗಿರಣಿಯವರಿಗೆ ರಾತ್ರಿಪಾಳಿ ಬೀಳುತ್ತದೆ. ಭಜನೆಯಲ್ಲಿ ಒಬ್ಬರು ಕಡಮೆಯಾದರೆ ದನಿ ಸ್ವಲ್ಪ ತಗ್ಗೀತು, ಭಜನೆ ನಿಲ್ಲದು. ತಾಳಮದ್ದಲೆಯ ಕೂಟದಲ್ಲಿ ಹಾಗಲ್ಲ. ಒಬ್ಬರು ಹೋದರೆ ಒಂದು ಪಾತ್ರವೇ ಎದ್ದುಹೋದಂತಾಗುತ್ತದೆ. ಆಗ ಉಳಿದವರು ಏನು ಮಾಡಬೇಕು? ನಮ್ಮ ಅನುಭವದಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಬಯಲುಸೀಮೆಯ ಮಿತ್ರರಿಗಾಗಿ ಮೊದಲು ಎರಡು ಮಾತು. ತಾಳಮದ್ದಲೆ ಕರಾವಳಿ, ಮಲೆನಾಡು, ಕಾಸರಗೋಡುಗಳ ಕಲೆ. ಯಕ್ಷಗಾನದ ಪ್ರಸಂಗವೇ ಇದಕ್ಕೂ ಆಧಾರ. ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಎದುರುಬದುರು ಕುಳಿತು ಕೃಷ್ಣನಾಗಿ, ಕೌರವನಾಗಿ ಮಾತನಾಡುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ಎದುರಿನವರು ಏನೆಂದರೋ ಅದಕ್ಕೆ ಆಗಿಂದಾಗಲೇ ಉತ್ತರ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಹೆಸರಾದದ್ದು ಇಂಥ ಮಾತಿನಿಂದಲೇ.

ನಾವು ಏಳು ಮಂದಿ ಭಾನುವಾರ ಸಂಜೆ ವಾಚನಾಲಯದಲ್ಲಿ ಕೂಡುತ್ತಿದ್ದೆವು. ಫರೀದಾಬಾದಿನಿಂದ ನಾನು, ನೋಯಿಡಾದಿಂದ ಇಬ್ಬರು, ಉಳಿದವರು ಕರೋಲ್‌ಬಾಗಿನ ಕಡೆಯವರು. 'ಕೃಷ್ಣಸಂಧಾನ' ಗೊತ್ತುಮಾಡಿದ್ದೆವು. ಅಷ್ಟರಲ್ಲಿ ಕೃಷ್ಣನ ಅರ್ಥ ಹೇಳುತ್ತಿದ್ದವರು ತಾಯಿಗೆ ಅಸೌಖ್ಯವೆಂದು ಕುಂದಾಪುರಕ್ಕೆ ಹೊರಟರು, ಮರಳಲಿಲ್ಲ. ನಾವು ಎರಡು ತಪ್ಪು ಮಾಡಿದೆವು. ಅವರು ಬಂದಾರೆಂದು ಮೂರು ತಿಂಗಳು ಕೂಟವನ್ನೇ ನಿಲ್ಲಿಸಿದೆವು. ಆಮೇಲೆ ಒಬ್ಬ ಹುಡುಗನನ್ನು ಕೂರಿಸಿ, "ಅಣ್ಣ ಹೇಳುತ್ತಿದ್ದ ಹಾಗೆಯೇ ಹೇಳಪ್ಪ" ಎಂದೆವು. ಕೌರವ ನಾನು. ಹಳೆಯ ಕೃಷ್ಣನಿಗೆ ಹಾಕುತ್ತಿದ್ದ ಪ್ರಶ್ನೆಗಳನ್ನೇ ಅವನಿಗೂ ಹಾಕಿದೆ. ಅವನಿಗೆ ಉತ್ತರ ತೋಚಲಿಲ್ಲ, ಕೇಳುವವರು ನಕ್ಕರು. ಮರುವಾರ ಅವನೂ ಬರಲಿಲ್ಲ.

ಇದರಿಂದ ನಾವು ತಿಳಿದುಕೊಂಡದ್ದು ಇಷ್ಟೆ: ಪಾತ್ರ ಪ್ರಸಂಗದ್ದು, ಮಾತು ಅರ್ಥಧಾರಿಯದು. ಹೋಗುವವರು ತಮ್ಮ ಮಾತನ್ನು ಒಯ್ಯುತ್ತಾರೆ. ಪಾತ್ರ ನಮ್ಮಲ್ಲಿಯೇ ಉಳಿಯುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ದಾರಿ ಸುಲಭ.

ಮೊದಲನೆಯದಾಗಿ, ಹೊರಡುವವರನ್ನು ಸಂಕೋಚವಿಲ್ಲದೆ ಕೇಳಬೇಕು: ಕೆಲವು ತಿಂಗಳೋ, ಪೂರ್ತಿಯೋ? ಕೆಲವು ತಿಂಗಳಾದರೆ, ಬದಲಿಗೆ ಕೂರುವವರಿಗೆ ಅದನ್ನು ಮೊದಲೇ ತಿಳಿಸಬೇಕು. ಪೂರ್ತಿಯಾದರೆ ಅವರ ಮೆಚ್ಚಿನ ಪಾತ್ರದ ಒಂದು ಕೂಟ ನಡೆಸಿ, ಮುಂದೆ ಹೇಳುವವರನ್ನು ಪಕ್ಕದಲ್ಲಿ ಕೂರಿಸಬೇಕು.

ಎರಡನೆಯದಾಗಿ, ಒಬ್ಬರ ಹೊರೆಯನ್ನು ಇಬ್ಬರು ಹಂಚಿಕೊಳ್ಳಬಹುದು. ಇರುಳಿಡೀ ನಡೆಯುವ ಬಯಲಾಟದಲ್ಲಿ ಒಂದೇ ಪಾತ್ರವನ್ನು ಇಬ್ಬರು ಮಾಡುವುದು ಹಳೆಯ ರೂಢಿ. ಸಂಧಾನದಲ್ಲಿ ವಿದುರನ ಮನೆಯವರೆಗೆ ಒಬ್ಬ ಕೃಷ್ಣ, ಕೌರವನ ಸಭೆಗೆ ಇನ್ನೊಬ್ಬ ಎಂದು ಮಾಡಿಕೊಂಡರಾಯಿತು.

ಮೂರನೆಯದಾಗಿ, ಯಾರೂ ಸಿಕ್ಕದಿದ್ದರೆ ಪ್ರಸಂಗವನ್ನೇ ಬದಲಿಸಿ. 'ವಾಲಿವಧೆ'ಗೆ ಕೃಷ್ಣ ಬೇಡ. ಕೃಷ್ಣನನ್ನು ಬಿಟ್ಟು ಸಂಧಾನ ಮಾಡಹೊರಟರೆ ಕಥೆಯೇ ಕೆಡುತ್ತದೆ. ಕೂಟದ ನಡುವೆ ಯಾರಾದರೂ ಪಾಳಿಗೆ ಏಳಬೇಕಾದರೆ, ಭಾಗವತರು ಮುಂದಿನ ಪದ್ಯ ಹಾಡಿ ಆ ಸಂದರ್ಭವನ್ನು ಮುಗಿಸಿಕೊಡಬಹುದು.

ನಾಲ್ಕನೆಯದು ಎದುರು ಕೂರುವವರ ಹೊಣೆ. ಹೊಸಬರಿಗೆ ಉತ್ತರ ಹೇಳಲು ಎಡೆಯಾಗುವಂತೆ ಪ್ರಶ್ನೆ ಹಾಕಬೇಕು. ಅವರ ಕೃಷ್ಣ ಮೆತ್ತಗಿನವನಾದರೆ ನಮ್ಮ ಕೌರವನೂ ಅದಕ್ಕೆ ತಕ್ಕಂತೆ ಮಾತನಾಡಬೇಕು.

ಐದನೆಯದು, ಮುನಿಸಿಕೊಂಡು ಹೋದವರ ವಿಷಯ. ಪಾತ್ರದ ಬಾಯಿಂದ ಅವರಿಗೆ ಚುಚ್ಚುಮಾತು ಆಡಿಸುವುದು ಈ ಕಲೆಯಲ್ಲಿ ಬಹಳ ಸುಲಭ. ಜನ ನಗುತ್ತಾರೆ ಕೂಡ. ಆದರೆ ಆ ಮಾತು ಹೇಗಾದರೂ ಅವರ ಕಿವಿಗೆ ಬೀಳುತ್ತದೆ, ಅವರು ಮರಳುವ ದಾರಿ ಮುಚ್ಚುತ್ತದೆ.

ಎಂದೂ ಮರಳದಂತೆ ಹೋಗುವವರೂ ಉಂಟು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ಆಟದಲ್ಲಿ ರಾಮನ ಪಾತ್ರ ಮಾಡುತ್ತಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಅಂಥ ರಾಮ ಇನ್ನೊಬ್ಬನಿಲ್ಲವೆಂದು ಮೇಳ ಬಾಗಿಲು ಹಾಕಲಿಲ್ಲ. ಅವರ ಮಗ ಶಿವಾನಂದ ಹೆಗಡೆಯವರು ಅದನ್ನು ಮುನ್ನಡೆಸಿದರು.

ನಮ್ಮ ಹುಡುಗನ ಕೋಣೆಗೆ ನಾನೇ ಹೋಗಿ, "ತಪ್ಪು ನನ್ನದು, ನಿನ್ನ ಕೃಷ್ಣನನ್ನು ನೀನೇ ಹೇಳು" ಎಂದೆ. ಬಂದ. ಈಗ ಅವನೇ ಕೃಷ್ಣ. ಕುಂದಾಪುರದ ಅಣ್ಣ ಒಮ್ಮೊಮ್ಮೆ ಫೋನಿನಲ್ಲಿ ಕೇಳುತ್ತಾರೆ. ತಿದ್ದುವುದಿಲ್ಲ, ಚೆನ್ನಾಗಿದ್ದರೆ ಹೂಂಗುಟ್ಟುತ್ತಾರೆ.

ನಮ್ಮ ಕೂಟದಲ್ಲಿ ವಿದುರನ ಜಾಗ ಇನ್ನೂ ಖಾಲಿ ಇದೆ. ಪ್ರಸಂಗದ ಪುಸ್ತಕ ವಾಚನಾಲಯದ ಕಪಾಟಿನಲ್ಲಿದೆ. ಆಸಕ್ತರು ಭಾನುವಾರ ಸಂಜೆ ಅವಶ್ಯವಾಗಿ ಬರಬೇಕು.