ಇಂಗ್ಲಿಷ್ ಭಾಷಾ ಪರೀಕ್ಷಕರಾಗಲು ಏನು ಬೇಕು, ಎಷ್ಟು ಖರ್ಚು?



ಹೊರದೇಶಕ್ಕೆ ಓದಲು ಅಥವಾ ನರ್ಸಿಂಗ್ ಕೆಲಸಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. ಆ ಪರೀಕ್ಷೆಯ ಶುಲ್ಕಕ್ಕೆ ನೆರವು ಕೋರುವ ಅರ್ಜಿಗಳು ಟ್ರಸ್ಟ್‌ಗೆ ಬರುತ್ತಲೇ ಇವೆ. ಈಗ ಬೇರೊಂದು ಕೋರಿಕೆಯೂ ಕೇಳಿಬರುತ್ತಿದೆ. ಇಂಗ್ಲಿಷ್‌ನಲ್ಲಿ ಬಿ.ಎ., ಎಂ.ಎ. ಮುಗಿಸಿದ ಮಕ್ಕಳು ಈ ಪರೀಕ್ಷೆಯ ಪರೀಕ್ಷಕರಾಗಬಹುದೇ, ಅದಕ್ಕೆ ಯಾವ ಕೋರ್ಸು ಮಾಡಬೇಕು, ಟ್ರಸ್ಟ್ ಹಣ ಕೊಡುತ್ತದೆಯೇ ಎಂದು ಪೋಷಕರು ವಿಚಾರಿಸುತ್ತಿದ್ದಾರೆ. ಹಣ ಕಟ್ಟುವ ಮುನ್ನ ಈ ದಾರಿ ಹೇಗಿದೆ ಎಂಬುದು ಕುಟುಂಬಗಳಿಗೂ ದಾನಿಗಳಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಪರೀಕ್ಷಕರ ಕೆಲಸ ಯಾವುದು?

ಐಇಎಲ್‌ಟಿಎಸ್ 1989ರಿಂದ ನಡೆಯುತ್ತಿದೆ. ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆಗಳು ಇದರ ಜಂಟಿ ಒಡೆಯರು. ಭಾರತದಲ್ಲಿ ಬ್ರಿಟಿಷ್ ಕೌನ್ಸಿಲ್ ನಡೆಸುತ್ತಿದ್ದ ಪರೀಕ್ಷೆಗಳನ್ನೂ 2021ರಲ್ಲಿ ಐಡಿಪಿ ವಹಿಸಿಕೊಂಡಿತು. ಪರೀಕ್ಷೆಯಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿವೆ. ಮೊದಲ ಎರಡರಲ್ಲಿ ತಲಾ 40 ಪ್ರಶ್ನೆಗಳಿದ್ದು, ಉತ್ತರ ಸರಿ ಅಥವಾ ತಪ್ಪು, ಅಷ್ಟೇ. ಪರೀಕ್ಷಕರು ಬೇಕಾಗುವುದು ಬರವಣಿಗೆ ಮತ್ತು ಮಾತಿಗೆ.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ ನಡೆಯುತ್ತದೆ. ಮಾತಿನ ಓಘ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕು ಅಂಶಗಳನ್ನು ನೋಡಿ ಪರೀಕ್ಷಕರು 9ರವರೆಗಿನ ಅಳತೆಯಲ್ಲಿ ಬ್ಯಾಂಡ್ ಕೊಡುತ್ತಾರೆ. ಬರವಣಿಗೆಯಲ್ಲಿ ಕನಿಷ್ಠ 150 ಪದಗಳದ್ದೊಂದು, 250 ಪದಗಳದ್ದೊಂದು, ಹೀಗೆ ಎರಡು ಉತ್ತರಗಳಿರುತ್ತವೆ. ಅರ್ಧ ಬ್ಯಾಂಡ್ ಕಡಿಮೆಯಾದರೂ ಒಬ್ಬ ನರ್ಸಿನ ನೋಂದಣಿ, ಒಬ್ಬ ವಿದ್ಯಾರ್ಥಿಯ ಪ್ರವೇಶ ತಪ್ಪಿಹೋಗಬಹುದು. ಇಂಥ ಅಮಾನತ್ ಕೈಯಲ್ಲಿರುವುದರಿಂದಲೇ ಪರೀಕ್ಷಕರ ಆಯ್ಕೆ ಬಿಗಿಯಾಗಿದೆ.

ಅರ್ಹತೆಗಳು

ಮುಖ್ಯವಾಗಿ ನಾಲ್ಕು ಅರ್ಹತೆಗಳು ಬೇಕು.

ಒಂದು, ಪದವಿ ಅಥವಾ ಅದಕ್ಕೆ ಸಮನಾದ ವಿದ್ಯಾರ್ಹತೆ.

ಎರಡು, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ಬಗ್ಗೆ ಮಾನ್ಯತೆ ಪಡೆದ ಶಿಕ್ಷಣ. ಕೇಂಬ್ರಿಜ್‌ನ ಸೆಲ್ಟಾ ಇವುಗಳಲ್ಲಿ ಹೆಚ್ಚು ಪರಿಚಿತ. ಶಿಕ್ಷಣಶಾಸ್ತ್ರದ ಪದವಿಯನ್ನೂ ಪರಿಗಣಿಸುವುದುಂಟು. ಆದ್ದರಿಂದ ಇಂಗ್ಲಿಷ್ ಬೋಧನೆಯನ್ನು ವಿಷಯವಾಗಿ ಓದಿ ಬಿ.ಎಡ್. ಮಾಡಿದವರು, ಅದು ಸಾಲುತ್ತದೆಯೇ ಎಂದು ಪರೀಕ್ಷಾ ಸಂಸ್ಥೆಯನ್ನು ಮೊದಲೇ ಬರಹದಲ್ಲಿ ಕೇಳಿ ಉತ್ತರ ಪಡೆಯಬೇಕು.

ಮೂರು, ಕನಿಷ್ಠ ಮೂರು ವರ್ಷ ಪೂರ್ಣಾವಧಿಯ ಅಥವಾ ಅದಕ್ಕೆ ಸಮನಾದ ಬೋಧನಾನುಭವ. ಅದರ ಹೆಚ್ಚಿನ ಪಾಲು 16 ವರ್ಷ ದಾಟಿದವರಿಗೆ ಕಲಿಸಿದ್ದಾಗಿರಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪ್ರಾಥಮಿಕ ಶಾಲೆಯಲ್ಲಿ ಹತ್ತು ವರ್ಷ ಕಲಿಸಿದ ಒಳ್ಳೆಯ ಶಿಕ್ಷಕಿಗೂ ಈ ಷರತ್ತು ಅಡ್ಡ ಬರಬಹುದು. ಪಿಯು ಅಥವಾ ಪದವಿ ಕಾಲೇಜಿನ ಅನುಭವ ಇಲ್ಲಿ ಹೆಚ್ಚು ತೂಗುತ್ತದೆ.

ನಾಲ್ಕು, ಸ್ವತಃ ಅತ್ಯುನ್ನತ ಮಟ್ಟದ ಇಂಗ್ಲಿಷ್. ಎಂ.ಎ. ಅಂಕಪಟ್ಟಿಯಿಂದಷ್ಟೇ ಇದು ಸಾಬೀತಾಗುವುದಿಲ್ಲ.

ಇವೆಲ್ಲ ಇದ್ದರೂ ಅರ್ಜಿ, ಸಂದರ್ಶನ ಮತ್ತು ತರಬೇತಿಯ ಹಂತಗಳನ್ನು ದಾಟಬೇಕು. ಕೊನೆಗೆ ಮಾದರಿ ಉತ್ತರಗಳಿಗೂ ಧ್ವನಿಮುದ್ರಿತ ಮಾತಿಗೂ ಬ್ಯಾಂಡ್ ಕೊಟ್ಟು, ತಮ್ಮ ಅಳತೆ ನಿಗದಿತ ಅಳತೆಗೆ ಹೊಂದುತ್ತದೆ ಎಂದು ತೋರಿಸಬೇಕು. ಈ ಪ್ರಮಾಣೀಕರಣವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕಾಗುತ್ತದೆ.

ಖರ್ಚು ಎಲ್ಲಿ ಬೀಳುತ್ತದೆ?

ಪದವಿಗೆ ಮೂರ್ನಾಲ್ಕು ವರ್ಷ, ಬಿ.ಎಡ್. ಮಾಡಿದರೆ ಎರಡು ವರ್ಷ, ಬೋಧನೆಗೆ ಮೂರು ವರ್ಷ. ಹಾಗಾಗಿ ಈ ದಾರಿಯ ದೊಡ್ಡ ಖರ್ಚು ಕಾಲವೇ.

ಹಣದ ಲೆಕ್ಕದಲ್ಲಿ ಸೆಲ್ಟಾ ದುಬಾರಿ. ಭಾರತದಲ್ಲಿ ಇದರ ಶುಲ್ಕ ಒಂದು ಲಕ್ಷ ರೂಪಾಯಿ ದಾಟುತ್ತದೆ. ಪೂರ್ಣಾವಧಿಯಲ್ಲಿ ಮಾಡಿದರೆ ಸಾಮಾನ್ಯವಾಗಿ ನಾಲ್ಕು ವಾರದ ಕೋರ್ಸು. ಊರು ಬಿಟ್ಟು ಹೋಗುವವರು ವಸತಿ, ಊಟ, ಆ ತಿಂಗಳ ಸಂಬಳದ ನಷ್ಟವನ್ನೂ ಸೇರಿಸಿಕೊಳ್ಳಬೇಕು. ತನ್ನ ಇಂಗ್ಲಿಷ್ ಯಾವ ಮಟ್ಟದಲ್ಲಿದೆ ಎಂದು ತಿಳಿಯಲು ಐಇಎಲ್‌ಟಿಎಸ್ ಬರೆದರೆ, ಈಚಿನ ವರ್ಷಗಳಲ್ಲಿ ಅದರ ಶುಲ್ಕ 16ರಿಂದ 18 ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ. ಅದರ ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ.

ಒಂದು ಎಚ್ಚರಿಕೆ. ಕೆಲವೇ ಸಾವಿರಕ್ಕೆ "120 ಗಂಟೆಗಳ ಪ್ರಮಾಣಪತ್ರ" ಕೊಡುವ ಆನ್‌ಲೈನ್ ಕೋರ್ಸುಗಳ ಜಾಹೀರಾತು ಎಲ್ಲರ ಮೊಬೈಲಿಗೂ ಬರುತ್ತದೆ. ಸೆಲ್ಟಾ ಕೂಡ ಕನಿಷ್ಠ 120 ಗಂಟೆಗಳದ್ದೇ. ಆದರೆ ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಆರು ಗಂಟೆ ಪಾಠ ಮಾಡಬೇಕು, ತರಬೇತುದಾರರು ಕುಳಿತು ಅದನ್ನು ನೋಡಿ ತೂಗುತ್ತಾರೆ. ಪಾಠವನ್ನೇ ಮಾಡಿಸದೆ ಕೊಡುವ ಪ್ರಮಾಣಪತ್ರವನ್ನು ನಂಬಿ ಹಣ ಕಟ್ಟಬೇಡಿ. ಪರೀಕ್ಷಕರ ಕೆಲಸ ಕೊಡಿಸುತ್ತೇವೆ ಎಂದು ಹಣ ಕೇಳುವ ಮಧ್ಯವರ್ತಿಗಳಿಂದಲೂ ದೂರವಿರಿ.

ಸಂಪಾದನೆಯ ಬಗ್ಗೆ

ಇದು ತಿಂಗಳ ಸಂಬಳದ ನೌಕರಿ ಎಂದು ಭಾವಿಸಬಾರದು. ಹೆಚ್ಚಿನ ಪರೀಕ್ಷಕರು ಗುತ್ತಿಗೆಯ ಮೇಲೆ, ಮಾಡಿದ ಕೆಲಸಕ್ಕೆ ತಕ್ಕಷ್ಟು ಪಡೆಯುತ್ತಾರೆ. ಪರೀಕ್ಷೆಗಳು ಕಡಿಮೆಯಾದ ತಿಂಗಳು ವರಮಾನವೂ ಕಡಿಮೆ. ಕೋಚಿಂಗ್ ಕ್ಲಾಸ್ ನಡೆಸುವವರಿಗೆ ಹಿತಾಸಕ್ತಿಯ ನಿಯಮಗಳೂ ಇವೆ. ತಾನು ಪಾಠ ಹೇಳಿದವರಿಗೆ ತಾನೇ ಬ್ಯಾಂಡ್ ಕೊಡುವಂತಿಲ್ಲ. ಕಾಲೇಜಿನಲ್ಲಿ ಕಲಿಸುತ್ತಿರುವವರಿಗೆ ಇದು ಒಳ್ಳೆಯ ಹೆಚ್ಚುವರಿ ಆದಾಯವಾಗಬಲ್ಲದು. ಇದೊಂದನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ.

ಟ್ರಸ್ಟ್‌ನ ನಿಲುವು

ಇವೆಲ್ಲವನ್ನೂ ತೂಗಿ ನೋಡಿದಾಗ, ಪರೀಕ್ಷಕರಾಗುವ ದಾರಿ ಒಳ್ಳೆಯ ಶಿಕ್ಷಕರಾಗುವ ದಾರಿಯ ಮೇಲೆಯೇ ಹಾದುಹೋಗುತ್ತದೆ ಎಂಬುದು ನಮಗೆ ಮನವರಿಕೆಯಾಗಿದೆ. ಪರೀಕ್ಷಕರಾಗಿ ಆಯ್ಕೆಯಾಗದಿದ್ದರೂ ಪದವಿ, ಬಿ.ಎಡ್., ಬೋಧನಾನುಭವ ಯಾವುದೂ ವ್ಯರ್ಥವಾಗುವುದಿಲ್ಲ. ಆದ್ದರಿಂದ ಟ್ರಸ್ಟ್ ಈ ಕ್ರಮವನ್ನು ಅನುಸರಿಸುತ್ತದೆ.

ಝಕಾತ್ ನಿಧಿಯು ಅದಕ್ಕೆ ಅರ್ಹರಾದ ಬಡ ವಿದ್ಯಾರ್ಥಿಗಳ ಪದವಿ ಮತ್ತು ಬಿ.ಎಡ್. ಶುಲ್ಕಕ್ಕೆ ಮೀಸಲು. ಸೆಲ್ಟಾದಂಥ ದುಬಾರಿ ಕೋರ್ಸಿಗೆ ಝಕಾತ್ ಹಣವನ್ನು ಬಳಸುವುದಿಲ್ಲ. ಎರಡು ವರ್ಷವಾದರೂ ಕಲಿಸಿದ ಅನುಭವವಿರುವ ಶಿಕ್ಷಕರಿಗೆ ಇತರ ದೇಣಿಗೆಗಳ ನಿಧಿಯಿಂದ ಬಡ್ಡಿರಹಿತ ಸಾಲ ಕೊಡಲಾಗುವುದು. ಅದನ್ನು ಕಂತುಗಳಲ್ಲಿ ಹಿಂದಿರುಗಿಸಿದರೆ ಅದೇ ಹಣ ಮುಂದಿನ ಶಿಕ್ಷಕರಿಗೆ ಸಲ್ಲುತ್ತದೆ. ಈ ನಿಧಿಗೆ ಕೊಡುವ ದಾನಿಗಳು ರಶೀದಿಯಲ್ಲಿ ಹಾಗೆಂದು ಬರೆಸಬೇಕಾಗಿ ವಿನಂತಿ.

ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳಿರಲಿ. ಸಾಲ ಕೋರುವ ಶಿಕ್ಷಕರು ಕಲಿಸಿದ ತರಗತಿ ಮತ್ತು ಅವಧಿಯನ್ನು ನಮೂದಿಸಿದ ಅನುಭವ ಪತ್ರವನ್ನೂ ಲಗತ್ತಿಸಬೇಕು. ವಿದ್ಯಾರ್ಥಿಗಳು ಸರ್ಕಾರದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲು ಅರ್ಜಿ ಹಾಕಿರಬೇಕು. ಅಲ್ಲಿ ಸಿಗುವುದನ್ನು ಬಿಟ್ಟು ಉಳಿದ ಕೊರತೆಯನ್ನು ತುಂಬಲು ಟ್ರಸ್ಟ್ ಯತ್ನಿಸುತ್ತದೆ. ಯಾವ ಕೋರ್ಸಿಗಾದರೂ ಮುಂಗಡ ಕಟ್ಟುವ ಮುನ್ನ ಒಮ್ಮೆ ಟ್ರಸ್ಟ್ ಕಚೇರಿಗೆ ಬಂದು ಮಾತಾಡಿ.

ದಾನಿಗಳ ದಾನವನ್ನೂ ಮಕ್ಕಳ ಪರಿಶ್ರಮವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.