ಹಳೆಯ ಮಾದರಿಯ ಬೇಸ್‌ಬಾಲ್ ಕಾರ್ಡುಗಳ ರಚನೆ: ಒಂದು ವಿಶಿಷ್ಟ ಹವ್ಯಾಸ

ಬಿಡುವಿನ ವೇಳೆಯ ಸದ್ವಿನಿಯೋಗವು ಶಿಕ್ಷಣದ ಮಹತ್ವದ ಅಂಗಗಳಲ್ಲಿ ಒಂದು. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುವ ಹವ್ಯಾಸ ನಮ್ಮವರಿಗೆ ಹೊಸದಲ್ಲ. ಅಮೆರಿಕಾದಲ್ಲಿ ಇವುಗಳ ಸಾಲಿಗೆ ಸೇರುವ ವಸ್ತು ಬೇಸ್‌ಬಾಲ್ ಕಾರ್ಡು. ಮುಂಬದಿಯಲ್ಲಿ ಆಟಗಾರನ ಚಿತ್ರ, ಹಿಂಬದಿಯಲ್ಲಿ ಅವನ ವಿವರ ಇಲ್ಲವೆ ಜಾಹೀರಾತು. ಇದೇ ಅದರ ಸ್ವರೂಪ. ಇವುಗಳನ್ನು ಸಂಗ್ರಹಿಸುವುದರಿಂದಷ್ಟೇ ತೃಪ್ತರಾಗದೆ, ಹಳೆಯ ಶೈಲಿಯಲ್ಲಿ ಹೊಸ ಕಾರ್ಡುಗಳನ್ನು ತಾವೇ ರಚಿಸುವವರೂ ಅಲ್ಲಿದ್ದಾರೆ. ಆ ಕಲೆಯ ಸ್ಥೂಲ ಪರಿಚಯವೇ ಪ್ರಸ್ತುತ ಲೇಖನದ ಉದ್ದೇಶ.

ಇಂತಹ ರಚನೆಗೆ ಮೊದಲು ಬೇಕಾದುದು ಇತಿಹಾಸಜ್ಞಾನ. ಮುಖ್ಯವಾಗಿ ಮೂರು ಮಾದರಿಗಳು ಅನುಕರಣಯೋಗ್ಯವೆನಿಸಿವೆ. ಮೊದಲನೆಯದು 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿಯು ಸಿಗರೇಟು ಪೊಟ್ಟಣಗಳಲ್ಲಿಟ್ಟು ಹಂಚಿದ ಮಾಲೆ. ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕನು ಸಿದ್ಧಪಡಿಸಿದ ಸೂಚಿಯ ಪ್ರಕಾರ ಇದಕ್ಕೆ 'ಟಿ-206' ಎಂದು ಹೆಸರು. ಶಿಲಾಮುದ್ರಣದ ಮೃದುವರ್ಣ, ಬಿಳಿಯ ಅಂಚು, ಕೆಳಗೆ ಕಂದುಬಣ್ಣದಲ್ಲಿ ಆಟಗಾರನ ಹೆಸರು ಇದರ ಲಕ್ಷಣಗಳು. ಎರಡನೆಯದು ಬಾಸ್ಟನ್ನಿನ ಗೌಡಿ ಗಮ್ ಕಂಪೆನಿಯ 1933ರ ಮಾಲೆ. ಗಾಢವಾದ ಬಣ್ಣಗಳಿಗೆ ಇದು ಪ್ರಸಿದ್ಧ. ಮೂರನೆಯದು ಟಾಪ್ಸ್ ಕಂಪೆನಿಯ 1952ರ 407 ಕಾರ್ಡುಗಳ ಮಾಲೆ. ಸೈ ಬರ್ಗರ್ ಇದನ್ನು ವುಡಿ ಗೆಲ್ಮನ್ನನೊಡನೆ ರೂಪಿಸಿ, ಹಿಂಬದಿಯಲ್ಲಿ ಆಟಗಾರನ ಹಿಂದಿನ ವರ್ಷದ ಮತ್ತು ಒಟ್ಟು ಜೀವನದ ಅಂಕಿ ಅಂಶಗಳಿಗೆ ಸ್ಥಾನ ಕಲ್ಪಿಸಿದನು.

ಇನ್ನು ರಚನಾಕ್ರಮ. ಆರಿಸಿಕೊಂಡ ಮಾದರಿಯ ಅಳತೆಯನ್ನು ನಿಷ್ಠೆಯಿಂದ ಪಾಲಿಸಬೇಕು. ಟಿ-206 ಒಂದೂವರೆ ಅಂಗುಲಕ್ಕೂ ತುಸು ಕಡಿಮೆ ಅಗಲದ ಪುಟ್ಟ ಕಾರ್ಡು. ಗೌಡಿಯದು 2⅜ ಅಂಗುಲ ಅಗಲ, 2⅞ ಅಂಗುಲ ಎತ್ತರ. 1952ರ ಟಾಪ್ಸ್ 2⅝ ಅಂಗುಲ ಅಗಲ, 3¾ ಅಂಗುಲ ಎತ್ತರ. ಇಂದು ರೂಢಿಯಲ್ಲಿರುವ 2½ × 3½ ಅಂಗುಲದ ಅಳತೆಯನ್ನು ಟಾಪ್ಸ್ ಕಂಪೆನಿ ಅಂಗೀಕರಿಸಿದ್ದು 1957ರಲ್ಲಿ. ಛಾಯಾಚಿತ್ರಕ್ಕಾಗಿ ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಬೇನ್ ಸಂಗ್ರಹದಂತಹ ಭಂಡಾರಗಳು ಒದಗುತ್ತವೆ. ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ಸೂಕ್ಷ್ಮ ಛಾಯೆಗಳನ್ನು ಇಳಿಸಿ, ಕೆಲವೇ ಬಣ್ಣಗಳಲ್ಲಿ ಸಮತಟ್ಟಾಗಿ ತುಂಬಿದರೆ ಹಳೆಯ ಮುದ್ರಣದ ಭಾವ ಮೂಡುತ್ತದೆ. ಅಚ್ಚ ಬಿಳುಪಿಗಿಂತ ಕೆನೆಬಣ್ಣದ ದಪ್ಪ ಕಾಗದ ಒಳ್ಳೆಯದು. ಅಂಗುಲಕ್ಕೆ 300 ಚುಕ್ಕೆಗಳ ಸಾಂದ್ರತೆಯಿದ್ದರೆ ಮುದ್ರಣ ಸ್ಫುಟವಾಗುತ್ತದೆ. ಕತ್ತರಿಸುವಾಗ ಅಂಚು ಕೆಡದಂತೆ ಸುತ್ತಲೂ ಅಂಗುಲದ ಎಂಟನೆಯ ಒಂದು ಭಾಗದಷ್ಟು ಬಣ್ಣವನ್ನು ಹೆಚ್ಚಾಗಿ ಬಿಡುವುದು ವಾಡಿಕೆ.

ಈ ಹವ್ಯಾಸದ ನಿಜವಾದ ಹಿರಿಮೆ ಬೇರೊಂದೆಡೆಯಿದೆ. 1947ರ ಏಪ್ರಿಲ್‌ನಲ್ಲಿ ಜ್ಯಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ, ಇಪ್ಪತ್ತನೆಯ ಶತಮಾನದ ಪ್ರಧಾನ ಲೀಗುಗಳು ಕರಿಯ ಆಟಗಾರರಿಗೆ ಬಾಗಿಲು ಮುಚ್ಚಿದ್ದವು. ತಮ್ಮದೇ ಆದ ನೀಗ್ರೊ ಲೀಗುಗಳಲ್ಲಿ ಅವರು ಅದ್ಭುತವಾಗಿ ಆಡಿದರೂ ಗೌಡಿಯ ಮಾಲೆಯಲ್ಲಿ ಅವರಿಗೆ ಎಡೆ ದೊರೆಯಲಿಲ್ಲ. ಜೋಷ್ ಗಿಬ್ಸನ್ ಅವರಲ್ಲಿ ಅಗ್ರಗಣ್ಯ. ರಾಬಿನ್ಸನ್ನನ ಪ್ರವೇಶಕ್ಕೆ ಮೂರು ತಿಂಗಳ ಮುನ್ನ, 1947ರ ಜನವರಿಯಲ್ಲಿ ಅವನು ತೀರಿಕೊಂಡನು. 1972ರಲ್ಲಿ ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಅವನ ಆಯ್ಕೆಯಾಯಿತು. 2024ರಲ್ಲಿ ನೀಗ್ರೊ ಲೀಗುಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದಾಗ .372 ಸರಾಸರಿಯೊಡನೆ ಅವನು ಬ್ಯಾಟಿಂಗಿನಲ್ಲಿ ಸರ್ವಪ್ರಥಮನೆನಿಸಿದನು. ಅಂತಹವನಿಗೆ 1933ರ ಶೈಲಿಯ ಕಾರ್ಡೊಂದನ್ನು ಇಂದು ರಚಿಸುವುದು ಅಂದು ಆಗಬೇಕಾಗಿದ್ದ ಗೌರವವನ್ನು ತಡವಾಗಿಯಾದರೂ ಸಲ್ಲಿಸಿದಂತೆ.

ಆದರೆ ಒಂದು ಎಚ್ಚರಿಕೆ ಅಗತ್ಯ. 1952ರ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಇಷ್ಟು ಹಣ ಓಡಾಡುವೆಡೆ ಮೋಸವೂ ಹಿಂಬಾಲಿಸುತ್ತದೆ. ಆದುದರಿಂದ ಪ್ರಾಮಾಣಿಕ ರಚನಕಾರನು ಕಾರ್ಡಿನ ಹಿಂಬದಿಯಲ್ಲಿ ತಾನು ರಚಿಸಿದ ವರ್ಷವನ್ನು ಸ್ಪಷ್ಟವಾಗಿ ಅಚ್ಚು ಹಾಕಬೇಕು. ಇದ್ದ ಕಾರ್ಡನ್ನೇ ನಕಲು ಮಾಡುವುದಕ್ಕಿಂತ, ಇಲ್ಲದ ಕಾರ್ಡನ್ನು ಕಲ್ಪಿಸುವುದು ಶ್ರೇಯಸ್ಕರ. ತಂಡಗಳ ಲಾಂಛನಗಳೂ ಇಂದಿನ ಆಟಗಾರರ ಚಿತ್ರಗಳೂ ಅನ್ಯರ ಸ್ವತ್ತಾದ್ದರಿಂದ, ಅನುಮತಿಯಿಲ್ಲದೆ ಅವುಗಳಿಂದ ವ್ಯಾಪಾರ ನಡೆಸಲಾಗದು.

ಚಿತ್ರಕಲೆ, ಮುದ್ರಣ, ಗಣಿತ, ಚರಿತ್ರೆ ಇವೆಲ್ಲ ಅಂಗೈಯಗಲದ ಕಾಗದದ ಮೇಲೆ ಕೂಡುವ ಬಗೆ ಅಧ್ಯಾಪಕರಿಗೂ ಪೋಷಕರಿಗೂ ಚಿಂತನಾರ್ಹವಾದುದು. ಹಿಂದಿನವರು ಯಾರನ್ನು ಚಿತ್ರಿಸಿದರು, ಯಾರನ್ನು ಬಿಟ್ಟರು ಎಂಬ ಪ್ರಶ್ನೆಯನ್ನು ಎಳೆಯ ಮನಸ್ಸಿನಲ್ಲಿ ಎಬ್ಬಿಸಬಲ್ಲ ಹವ್ಯಾಸವು ಕೇವಲ ಕಾಲಹರಣವಲ್ಲ, ಅದೂ ವಿದ್ಯೆಯೇ.