ಕಾಂಗರೂ ಬಾಲದಿಂದ ಹೊರಟ ನಕ್ಷೆ

ಕಾಂಗರೂವಿನ ಬಾಲಕ್ಕೂ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೂ ಎತ್ತಣಿಂದೆತ್ತಣ ನಂಟು? ಆ ನಂಟನ್ನು ಬೆಸೆದದ್ದು ನೆರೆಹೊರೆ.

ಜಿ.ಎನ್. ರಾಮಚಂದ್ರನ್ 1952ರಲ್ಲಿ ಆ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ಮೂವತ್ತರ ಆಸುಪಾಸು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದು, ಸಿ.ವಿ. ರಾಮನ್ ಗರಡಿಯಲ್ಲಿ ಭೌತವಿಜ್ಞಾನಿಯಾದವರು. ಹರಳುಗಳ ಒಳರಚನೆ ಓದುವುದು ಅವರ ಕಸುಬು. ಮದ್ರಾಸಿಗೆ ಭೇಟಿ ಕೊಟ್ಟ ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಾಲ್, ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ಸರಿಯಾಗಿ ದಕ್ಕಿಲ್ಲವೆಂದು ಮಾತಿನ ನಡುವೆ ಹೇಳಿದರು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಕಸುವು ಕೊಡುವ ಪ್ರೋಟೀನು ಅದು. ಪಕ್ಕದಲ್ಲೇ ಇತ್ತು ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ತೊಗಲು ಹದಮಾಡುವ ವಿದ್ಯೆಯವರಿಗೆ ಕೊಲಾಜೆನ್ ದಿನನಿತ್ಯದ ಸರಕು. ಅವರ ನೆರವು ಸಿಕ್ಕಿತು. ಕಾಂಗರೂ ಬಾಲದ ರಜ್ಜು ಸ್ಪಷ್ಟವಾದ ಎಕ್ಸ್‌-ರೇ ಚಿತ್ರ ಕೊಟ್ಟಿತು.

ಕೊಲಾಜೆನ್ನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರರಲ್ಲೊಂದು ಗ್ಲೈಸೀನ್ ಎಂಬುದು ರಸಾಯನಶಾಸ್ತ್ರ ಕೊಟ್ಟ ಸುಳಿವು. ಎಲ್ಲಕ್ಕಿಂತ ಪುಟ್ಟದು ಈ ಗ್ಲೈಸೀನ್. ಮೂರು ಎಳೆಗಳು ಒತ್ತೊತ್ತಾಗಿ ಕೂಡುವ ಇಕ್ಕಟ್ಟಿನ ನಡುವೆ ಅದಕ್ಕೆ ಮಾತ್ರ ಜಾಗ! ಗೋಪಿನಾಥ ಕರ್ತಾ ಜೊತೆ ರಾಮಚಂದ್ರನ್ 1954ರಲ್ಲಿ ಮೂರೆಳೆಯ ಮಾದರಿ ಪ್ರಕಟಿಸಿದರು. ಮರುವರ್ಷ ಎಳೆಗಳನ್ನು ಹಗ್ಗದಂತೆ ಒಂದರ ಸುತ್ತ ಒಂದು ಹೊಸೆದು ತಿದ್ದಿದರು.

ವಿಜ್ಞಾನಿಗಳಾದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಒಪ್ಪಲಿಲ್ಲ. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಇವೆ ಎಂದರು. ನನಗೆ ಈ ಕಥೆಯ ಜೀವ ಇರುವುದೇ ಇಲ್ಲಿ. ರಾಮಚಂದ್ರನ್ ವಾದಕ್ಕೆ ನಿಲ್ಲುವುದರ ಜೊತೆಗೆ, ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು ಎಂದು ಅಳೆಯಹೊರಟರು. ಅದುವರೆಗೆ ಬಿಡಿಸಲಾಗಿದ್ದ ಹರಳುಗಳಲ್ಲಿ ಪರಮಾಣುಗಳ ನಡುವಿನ ಅಂತರಗಳನ್ನು ಜಾಲಾಡಿದರು. ಪ್ರೋಟೀನಿನ ಬೆನ್ನೆಲುಬು ಪ್ರತಿ ಕೊಂಡಿಯಲ್ಲೂ ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗುತ್ತದೆ: ಫೈ, ಸೈ. ಯಾವ ಜೋಡಿ ಕೋನಗಳಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುವುದಿಲ್ಲ ಎಂದು ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಲೆಕ್ಕ ಹಾಕಿ, 1963ರಲ್ಲಿ ಒಂದು ಚೌಕದೊಳಗೆ ಬರೆದಿಟ್ಟರು. ಚೌಕದ ಬಹುಪಾಲು ನಿಷಿದ್ಧ. ದ್ವೀಪಗಳಂಥ ಕೆಲವು ತುಂಡುಗಳಷ್ಟೇ ಮುಕ್ತ. ಅದೇ ರಾಮಚಂದ್ರನ್ ನಕ್ಷೆ.

1971ರಲ್ಲಿ, ತಾವು ಕಲಿತ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅವರು ಅಣುಜೈವಿಕ ಭೌತವಿಜ್ಞಾನ ಘಟಕ ಕಟ್ಟಿದರು. ಭೌತಶಾಸ್ತ್ರ ಓದಿದವರು ಜೀವಕೋಶದ ಮಾತಾಡಲು ಈಗ ಪಕ್ಕದ ಕ್ಯಾಂಪಸ್ಸಿಗೆ ಹೋಗಬೇಕಿರಲಿಲ್ಲ.

ಯಾವುದೇ ಪ್ರಯೋಗಾಲಯದವರು ಇಂದು ಪ್ರೋಟೀನೊಂದರ ರಚನೆ ಬಿಡಿಸಿದರೂ ರಾಮಚಂದ್ರನ್ ನಕ್ಷೆಯ ಆ ಚೌಕವನ್ನು ತೆರೆದು, ಪ್ರತಿ ಕೊಂಡಿಯ ಕೋನಗಳ ಜೋಡಿಯನ್ನು ಸೂಚಿಸುವ ತಮ್ಮ ಚುಕ್ಕಿಗಳು ದ್ವೀಪಗಳ ಒಳಗಿವೆಯೇ ಎಂದು ನೋಡುತ್ತಾರೆ. ಹೊರಗೆ ಬಿದ್ದ ಚುಕ್ಕಿ ಕಂಡರೆ, ಆ ಕೊಂಡಿಯನ್ನು ಮತ್ತೆ ಪರೀಕ್ಷಿಸುತ್ತಾರೆ.